ಬ್ರೇಕಿಗೆ ಎಣ್ಣೆ

ನಾಚಿಕೆಯಲ್ಲಿ ಎರಡು ಬಗೆ. ನಾಲ್ಕು ಜನರ ಎದುರು ಬಿದ್ದಾಗ ಆಗುವುದು ಒಂದು. ಅದು ಮಂಡಿಯ ಗಾಯ ಒಣಗುವಷ್ಟರಲ್ಲಿ ತಾನೂ ಒಣಗುತ್ತದೆ. ಇನ್ನೊಂದು, ಯಾರೂ ನೋಡದಿದ್ದರೂ ಆಗುವಂಥದ್ದು. ಅನ್ನ ಕಲಸುವಾಗಲೋ ಬೋರ್ಡಿನ ಮೇಲೆ ಬರೆಯುವಾಗಲೋ ಸುಮ್ಮನೆ ನೆನಪಾಗಿ ಕಿವಿ ಬಿಸಿ ಮಾಡುತ್ತದೆ. ಒಂದೇ ಸೈಕಲ್ಲಿನಿಂದ ಎರಡೂ ಒಟ್ಟಿಗೆ ಸಿಗಬಹುದೆಂದು ನನಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಸೈಕಲ್ಲಾಗಿದ್ದರೆ ಅಂಗಡಿಯವರನ್ನಾದರೂ ಬೈಯಬಹುದಿತ್ತು. ನನ್ನದು ಒಂದೊಂದು ಭಾಗವನ್ನೂ ನಾನೇ ಆರಿಸಿ ಕಟ್ಟಿಸಿದ ಮೌಂಟೇನ್ ಬೈಕು. ಹಾಗಾಗಿ ಬೈಯಲು ಮನೆಯ ಕನ್ನಡಿಯಲ್ಲಿ ಕಾಣುವವಳೊಬ್ಬಳೇ ಉಳಿದಿದ್ದಾಳೆ.

ಕನ್ನಡಿಯವಳು ಹೊಸಪೇಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನಲವತ್ತು ದಾಟಿದ ಮೇಲೆ ಡಾಕ್ಟರು ದಿನಾ ನಡೆಯಿರಿ ಎಂದರು. ನಡೆದರೆ ದಾರಿಯಲ್ಲಿ ಸಿಗುವ ಪಾಲಕರೆಲ್ಲ ನಿಲ್ಲಿಸಿ ಮಕ್ಕಳ ಮಾರ್ಕ್ಸ್ ಕೇಳುತ್ತಾರೆ. ನಿಲ್ಲಿಸಲಾಗದ ವೇಗದಲ್ಲಿ ಹೋಗುವುದೇ ವಾಸಿ ಅನ್ನಿಸಿತು. ನಮ್ಮ ಮಾಳಿಗೆಯ ಮೇಲೆ ನಿಂತರೆ ಸಂಡೂರಿನ ಬೆಟ್ಟಗಳು ಕಾಣುತ್ತವೆ. ಬಟ್ಟೆ ಒಣಗಿಸುತ್ತ ಅವನ್ನು ನೋಡಿ ನೋಡಿ, ಸೈಕಲ್ಲಾದರೆ ಬೆಟ್ಟದ ಸೈಕಲ್ಲೇ ಎಂದು ನಿಶ್ಚಯಿಸಿದೆ. ಮೊಬೈಲಿನಲ್ಲಿ ನೋಡಿದರೆ, ಜಾಣರಾದವರು ಸಿದ್ಧ ಸೈಕಲ್ಲು ಕೊಳ್ಳುವುದಿಲ್ಲ, ತಮ್ಮ ಮೈಗೂ ದಾರಿಗೂ ಒಪ್ಪುವ ಭಾಗಗಳನ್ನು ತಾವೇ ಆರಿಸುತ್ತಾರೆ ಎಂದಿತ್ತು. ಜಾಣರಾದವರು ಎಂಬ ಮಾತಿಗೆ ನಾನು ಬಿದ್ದೆ. ಒಂದು ಬ್ಲೌಸ್ ಪೀಸ್ ಆರಿಸಲು ಇಡೀ ಅಂಗಡಿಯನ್ನು ಗಾದಿಯ ಮೇಲೆ ಹರವಿಸುವ ಹೆಂಗಸಿಗೆ ಇಂಥ ಕೆಲಸ ಸಿಕ್ಕರೆ ಕೇಳಬೇಕೇ? ಆ ಬೇಸಿಗೆ ರಜೆಯಲ್ಲಿ ನಾನು ಹಪ್ಪಳ ಮಾಡಲಿಲ್ಲ.

ಮೊದಲು ಫ್ರೇಮು, ಅಂದರೆ ಸೈಕಲ್ಲಿನ ಮೈಕಟ್ಟು. ಹಗುರವೆಂದು ಅಲ್ಯೂಮಿನಿಯಂ ಆರಿಸಿದೆ. ನಮ್ಮ ಯಜಮಾನರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುವವರು. ಸುದ್ದಿ ಕೇಳಿ ತಟ್ಟೆಯ ಮುಂದೆ ಹಾಗೇ ಕೂತರು. “ಉಕ್ಕಿನ ಅನ್ನ ಉಂಡು, ಮನಿಗೆ ಅಲ್ಯೂಮಿನಿಯಂ ತರ್ತೀ?” ಎಂದರು. ಎರಡು ದಿನ ಮಾತಿಲ್ಲ. ಕೊನೆಗೆ ಹ್ಯಾಂಡಲ್ ಉಕ್ಕಿನದೇ ಇರಲಿ ಎಂದು ರಾಜಿಯಾಯಿತು. ಆ ಹ್ಯಾಂಡಲ್ ಸೈಕಲ್ಲಿಗಿಂತ ಹೆಚ್ಚಾಗಿ ಸಂಸಾರ ನಡೆಯಲೆಂದು ಹಾಕಿಸಿದ್ದು. ಟೈರಿನ ವಿಷಯದಲ್ಲಿ ಮಾತ್ರ ನನಗೆ ಯಾರ ಉಪದೇಶವೂ ಬೇಕಿರಲಿಲ್ಲ. ಯಾವ್ಯಾವುದೋ ಹಿಮಪರ್ವತಗಳಲ್ಲಿ ಪರೀಕ್ಷಿಸಿದ್ದೇವೆ ಎಂದು ಕಂಪನಿಗಳು ಕೊಚ್ಚಿಕೊಳ್ಳುತ್ತವೆ. ಆ ಪರ್ವತಗಳಲ್ಲಿ ಬಳ್ಳಾರಿ ಜಾಲಿ ಬೆಳೆಯುತ್ತದೆಯೇ? ಅದರ ಮುಳ್ಳು ಚಪ್ಪಲಿ ದಾಟಿ ಹಿಮ್ಮಡಿ ಮುಟ್ಟಿದ್ದನ್ನು ಬಲ್ಲ ನಾನು, ಇದ್ದುದರಲ್ಲಿ ಅತಿ ದಪ್ಪ ಟೈರನ್ನೇ ತರಿಸಿದೆ.

ಸೀಟಿನ ವಿಷಯ ಹೇಳಲು ಸಂಕೋಚ. ಆದರೂ ಹೇಳುತ್ತೇನೆ. ಸೀಟು ನಮ್ಮ ಅಳತೆಗೆ ಸರಿಯಾಗಬೇಕಾದರೆ ಒಂದು ದಪ್ಪ ರಟ್ಟಿನ ಮೇಲೆ ಒತ್ತಿ ಕೂತು, ಎದ್ದು, ಮೂಳೆಗಳು ಊರಿದ ಎರಡು ಗುಳಿಗಳ ನಡುವಿನ ಅಂತರ ಅಳೆಯಬೇಕಂತೆ. ಮಿಕ್ಸಿ ಬಂದ ಪೆಟ್ಟಿಗೆಯನ್ನು ಬಿಡಿಸಿ ಪಡಸಾಲೆಯಲ್ಲಿ ಹಾಸಿ, ಕಣ್ಣು ಮುಚ್ಚಿ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಕೂತಿದ್ದೆ. ನಮ್ಮತ್ತೆ ಅಡುಗೆಮನೆಯಿಂದ ಬಂದವರು ಸ್ವಲ್ಪ ಹೊತ್ತು ನೋಡಿ, “ಯಾಕವಾ, ಮನ್ಯಾಗ ಕುರ್ಚಿ ಇಲ್ಲೇನು?” ಎಂದರು. ಶಾಲೆಯ ಪ್ರಯೋಗ ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ನಾನು ಎದ್ದು, ರಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಸ್ಕೇಲಿನಿಂದ ಅಳೆಯತೊಡಗಿದೆ. ಅತ್ತೆ ಒಳಗೆ ಹೋದರು. ಮರುದಿನ ಆ ರಟ್ಟು ಬಚ್ಚಲ ಒಲೆಯಲ್ಲಿ ಉರಿಯುತ್ತಿತ್ತು.

ಅತ್ತೆಗೆ ಈ ಸೈಕಲ್ಲು ಮೊದಲಿನಿಂದಲೂ ಸೇರಿರಲಿಲ್ಲ. ಅವರು ಕಂಪ್ಲಿಯವರು, ಅಕ್ಕಿ ಗಿರಣಿಯ ಮನೆಯ ಮಗಳು. ಜಗಳವಾಡುವ ಜನವಲ್ಲ, ಮಾತು ಕಡಿಮೆ ಮಾಡುವ ಜನ. ಮಂದಿ ಏನಂದಾರು ಎಂದು ಒಮ್ಮೆ ಕೇಳಿ ಸುಮ್ಮನಾದರು. ಆಮೇಲೆ ಪಾರ್ಸಲ್ ಬಂದಾಗಲೆಲ್ಲ ಜಪಮಾಲೆ ಹಿಡಿದು ದೇವರ ಕೋಣೆ ಸೇರುತ್ತಿದ್ದರು. ಹದಿನೆಂಟು ವರ್ಷ ಒಂದೇ ಒಲೆಯ ಮುಂದೆ ಬಾಳಿದವರು ಹೀಗೆ ದೂರವಾದದ್ದು ನನಗೆ ನುಂಗಲಾರದ ಸಂಕಟವಾಗಿತ್ತು. ಆದರೂ ಪಾರ್ಸಲ್ ತರಿಸುವುದನ್ನು ಬಿಡಲಿಲ್ಲ.

ಕೊನೆಯ ಪಾರ್ಸಲ್ ಬ್ರೇಕಿನದು. ಇದಕ್ಕಾಗಿ ನಾನು ಮಾಡಿದ ವಿಚಾರ ನನ್ನ ಮದುವೆಗೆ ನಮ್ಮಪ್ಪ ಮಾಡಿರಲಾರರು. ಮಾಮೂಲಿ ಬ್ರೇಕಿನಲ್ಲಿ ರಬ್ಬರಿನ ತುಂಡುಗಳು ಚಕ್ರದ ಅಂಚನ್ನೇ ಹಿಡಿಯುತ್ತವೆ. ಅದಿರಿನ ಲಾರಿಗಳು ಓಡಾಡುವ ಸಂಡೂರಿನ ದಾರಿಯಲ್ಲಿ ಆ ಅಂಚಿಗೆ ಕೆಂಪು ಕೆಸರು ಮೆತ್ತಿದರೆ ಹಿಡಿತ ಎಲ್ಲಿಂದ ಬರಬೇಕು? ಅದಕ್ಕೇ ಡಿಸ್ಕ್ ಬ್ರೇಕು. ಚಕ್ರದ ನಡುವೆ ತೂತು ತೂತಿನ ಒಂದು ಹೊಳೆಯುವ ಉಕ್ಕಿನ ಬಿಲ್ಲೆ, ಅದನ್ನು ಕಚ್ಚಿ ಹಿಡಿಯುವ ಎರಡು ಪುಟ್ಟ ಪಟ್ಟಿ. ಘರ್ಷಣೆ ನನ್ನದೇ ಪಾಠವಾದ್ದರಿಂದ ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಇದನ್ನೂ ಕೊಟ್ಟೆ. ಬಿಲ್ಲೆಗೆ ಜಿಡ್ಡು ತಾಗಿದರೆ ಬ್ರೇಕು ಸತ್ತಂತೆ ಎಂದು ಓದಿದ್ದೆ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಜೋಡಿಸುವಾಗ ಮೇಸ್ತ್ರಿಗೆ ಮೂರು ಸಲ ಸೋಪು ಹಚ್ಚಿ ಕೈ ತೊಳೆಸಿದೆ. ಆತ ನಿಮ್ಮಿಷ್ಟ ಮೇಡಂ ಎಂದು ತೊಳೆದ.

ಸೈಕಲ್ಲು ಮನೆಗೆ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಮರುದಿನ ಅಂಗಳದಲ್ಲಿ ಯಜಮಾನರ ಬೈಕು, ಗ್ರೈಂಡರು, ಈಳಿಗೆಮಣೆ, ಸುತ್ತಿಗೆ ಎಲ್ಲ ಸಾಲಾಗಿ ಕೂತಿದ್ದವು. ನನ್ನ ಸೈಕಲ್ಲನ್ನು ನಾನಾಗಿ ತರಲಿಲ್ಲ. ಅತ್ತೆಯೇ ತಲೆಯೆತ್ತಿ, “ನಿಂದೂ ತಾರವಾ” ಎಂದರು. ಅಷ್ಟು ತಿಂಗಳ ಮೇಲೆ ಅವರಾಗಿ ಆಡಿದ ಮಾತು ಅದು. ಓಡಿ ಹೋಗಿ ಸೈಕಲ್ಲು ತಂದು ನಿಲ್ಲಿಸಿದೆ. ಒಣ ಕುಂಕುಮ ಲೋಹದ ಮೇಲೆ ನಿಲ್ಲುವುದಿಲ್ಲವೆಂದು ಅವರು ಅದನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸುತ್ತಾರೆ. ಗಿರಣಿಯ ಕಾಲದಿಂದಲೂ ಅದೇ ಪದ್ಧತಿ. ಹ್ಯಾಂಡಲ್ಲಿಗೆ ವಿಭೂತಿ ಎಳೆದರು, ಸೀಟಿಗೆ ಚೆಂಡುಹೂವು ಇಟ್ಟರು, ಆಮೇಲೆ ಬಗ್ಗಿ ಆ ಹೊಳೆಯುವ ಬಿಲ್ಲೆಯನ್ನು ನೋಡಿ, “ಇದಕ್ಕೂ ಹಚ್ಚಲೇನವಾ?” ಎಂದು ಕೇಳಿದರು. ಬೇಡ ಎನ್ನಬೇಕಿತ್ತು. ಎದುರಿಗೆ ಯಜಮಾನರು ಮೊಬೈಲ್ ಹಿಡಿದು, ಹಂಗs ಇರ್ರಿ ಎನ್ನುತ್ತಿದ್ದರು. ಅತ್ತೆ ಸೊಸೆ ಸೈಕಲ್ಲು ಮೂರೂ ಒಂದೇ ಫೋಟೊದಲ್ಲಿ ಬರುವ ಗಳಿಗೆ. ಹಚ್ಚಿ ಅತ್ತಿ ಎಂದೆ. ಅಷ್ಟೇ ಅಲ್ಲ, ಸುತ್ತಲೂ ಸರಿಯಾಗಿ ಬೊಟ್ಟು ಬೀಳಲೆಂದು ಎರಡೂ ಚಕ್ರಗಳನ್ನು ನಾನೇ ನಿಧಾನವಾಗಿ ತಿರುಗಿಸಿ ಕೊಟ್ಟೆ.

ಮರುದಿನ ವಿಜಯದಶಮಿ. ಬೆಳಿಗ್ಗೆ ಬಟ್ಟೆಯಿಂದ ಒರೆಸಿದರೆ ಸಾಕೆಂದುಕೊಂಡು ಒರೆಸಿ, ಹಂಪಿಯ ಕಡೆ ಹೊರಟೆ. ಸಮತಟ್ಟಿನ ದಾರಿಯಲ್ಲಿ ಏನೂ ತಿಳಿಯಲಿಲ್ಲ. ಕಡಲೆಕಾಳು ಗಣಪನನ್ನು ದಾಟಿ ಬಜಾರದ ಕಡೆ ಇಳಿಯುವಾಗ ಬ್ರೇಕು ಹಿಡಿದೆ. ಅದು ನನ್ನನ್ನು ಹಿಡಿಯಲಿಲ್ಲ. ಬೆಣ್ಣೆಯ ಮೇಲೆ ಬೆರಳಿಟ್ಟ ಹಾಗೆ ಜಾರಿತು. ಕೆಳಗೆ ಮದುವೆಗೆ ಮೊದಲು ಜೋಡಿಗಳು ತೆಗೆಸಿಕೊಳ್ಳುವ ಫೋಟೊ ಶೂಟಿಂಗ್ ನಡೆದಿತ್ತು. ಹುಡುಗಿಯ ಲಂಗದ ನೆರಿಗೆ ಬಂಡೆಯಿಂದ ರಸ್ತೆಯವರೆಗೂ ಹರಿದು ಬಂದಿತ್ತು. ಅದನ್ನು ತಪ್ಪಿಸಲು ಹೋಗಿ, ಬೆಳಕು ಬೀರಲು ನಿಲ್ಲಿಸಿದ್ದ ಬೆಳ್ಳಿ ಬಣ್ಣದ ಪರದೆಯೊಳಗೆ ಸೈಕಲ್ಲು ಸಮೇತ ನುಗ್ಗಿ ಬಿದ್ದೆ. ಪರದೆ ಎತ್ತಿದವಳು ಆ ಮದುಮಗಳೇ. ನನ್ನ ಹಳೆಯ ವಿದ್ಯಾರ್ಥಿನಿ. ಘರ್ಷಣೆಯ ಪ್ರಶ್ನೆಗೆ ಅರ್ಧ ಉತ್ತರ ಬರೆದಳೆಂದು ಒಮ್ಮೆ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. “ಮಿಸ್, ಬ್ರೇಕ್ ಹಿಡೀಬೇಕಿತ್ರಿ” ಎಂದಳು, ಬಹಳ ಮರ್ಯಾದೆಯಿಂದ. ಕ್ಯಾಮೆರಾ ಆಗಲೂ ಓಡುತ್ತಲೇ ಇತ್ತು. ನಾನು ಮನೆ ಸೇರುವ ಮೊದಲೇ ವಿಡಿಯೊ ನಮ್ಮ ಟೀಚರುಗಳ ಗ್ರೂಪು ಸೇರಿತ್ತು. ಮಂಡಿಗೆ ಪಟ್ಟಿ ಕಟ್ಟಿಸಿಕೊಂಡು ಮಧ್ಯಾಹ್ನವೆಲ್ಲ ಫೋನಿಗೆ ಉತ್ತರ ಕೊಡುತ್ತ ಕೂತೆ.

ಸಂಜೆ ಬನ್ನಿ ಕೊಡಲು ದೇವರ ಕೋಣೆಗೆ ಕುಂಟುತ್ತ ಹೋದರೆ, ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಬನ್ನಿ ಎಲೆ ಕೊಟ್ಟು ಕಾಲು ಮುಟ್ಟಿದೆ. ಅವರು ನನ್ನ ಕೈ ಬಿಡಲಿಲ್ಲ. “ನನ್ನ ಕಣ್ಣs ತಾಕೈತವಾ ನಿನಗ,” ಎಂದರು. “ಕಂಪ್ಲ್ಯಾಗ ನಮ್ಮಪ್ಪ ನನ್ನ ಸೈಕಲ್ ಮುಟ್ಟಾಕ ಬಿಡಲಿಲ್ಲ. ಮುಂಜಾನಿ ನೀ ಏರಿ ಹೊಂಟಾಗ, ನನಗ ಇದು ಸಿಗಲಿಲ್ಲಲ್ಲಾ ಅನಿಸ್ತು. ಅದs ಬಡೀತು.” ಪಾರ್ಸಲ್ ಬಂದಾಗಲೆಲ್ಲ ಅವರು ಒಳಗೆ ಹೋಗಿ ಕೂರುತ್ತಿದ್ದದ್ದು ಸಿಟ್ಟಿನಿಂದಲ್ಲ ಎಂದು ನನಗೆ ಆಗ ತಿಳಿಯಿತು. ಎಷ್ಟು ತಿಂಗಳು ಆ ಹೆಂಗಸನ್ನು ತಪ್ಪಾಗಿ ಓದಿದ್ದೆ ಎಂದು ನಾಚಿ, ನಿಜ ಹೇಳಿಬಿಟ್ಟೆ. ಕಣ್ಣೂ ಅಲ್ಲ, ಏನೂ ಅಲ್ಲ, ಬಿಲ್ಲೆಗೆ ಎಣ್ಣೆ ತಾಗಬಾರದಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ನೀವು ಕೇಳಿದಾಗ ಫೋಟೊದ ಆಸೆಗೆ ಹ್ಞೂಂ ಎಂದವಳು ನಾನೇ ಎಂದೆ.

ಅತ್ತೆ ನನ್ನ ಮಂಡಿಯ ಪಟ್ಟಿಯನ್ನು ಮೆಲ್ಲಗೆ ಸರಿಮಾಡುತ್ತ ಹೇಳಿದರು: “ಆತು ಬಿಡು. ಆದ್ರ ಇದನ್ನ ಯಾರ ಮುಂದೂ ಹೇಳಬ್ಯಾಡ. ನೀ ಸೈನ್ಸ್ ಟೀಚರ್ ಅದೀ, ಮಂದಿ ನಗ್ತಾರ. ಯಾರರ ಕೇಳಿದ್ರ, ನಮ್ಮತ್ತಿಗೆ ತಿಳೀಲಿಲ್ಲ, ಎಣ್ಣಿ ಹಚ್ಚಿಬಿಟ್ಲು ಅಂತ ನನ್ನ ಹೆಸರು ಹೇಳು.”

ಛೆ, ನಿಮ್ಮ ಹೆಸರು ಹೇಳ್ತೀನೇನ್ರಿ ಅತ್ತಿ, ಎಂದೆ. ಹಾಗೆನ್ನುವಾಗ ನನ್ನ ದನಿ ಒಂದಿಷ್ಟೂ ನಡುಗಲಿಲ್ಲ. ಮಧ್ಯಾಹ್ನದಿಂದ ಫೋನ್ ಮಾಡಿದ ಟೀಚರುಗಳಿಗೆಲ್ಲ ನಾನು ಹೇಳಿದ್ದು ಅವರ ಹೆಸರನ್ನೇ. ಕೊನೆಯ ಇಬ್ಬರಿಗಂತೂ, ‘ಹಚ್ಚಲೇನವಾ’ ಎಂದು ಅವರು ಕೇಳಿದ್ದೊಂದನ್ನು ಬಿಟ್ಟು, ಮಿಕ್ಕಿದ್ದನ್ನೆಲ್ಲ ಅವರದೇ ದನಿ ತೆಗೆದು ಅಭಿನಯಿಸಿ ನಗಿಸಿದ್ದೆ.