ಮೂರನೇ ಸಲ ಕೇಳುವವರು

ನನಗೊಂದು ಕೆಟ್ಟ ಅಭ್ಯಾಸವಿದೆ. ಬೇಕು ಎನ್ನಬೇಕಾದ ಕಡೆಯಲ್ಲೆಲ್ಲ ಬೇಡ ಎನ್ನುತ್ತೇನೆ. ಇದು ನನ್ನೊಬ್ಬಳದಲ್ಲ, ನಮ್ಮ ಬಾಳೂರು ಕಡೆಯವರೆಲ್ಲರದೂ ಎಂದು ಹೇಳಿಕೊಂಡರೆ ಪಾಪ ಸ್ವಲ್ಪ ಹಂಚಿಹೋಗುತ್ತದೆ. ನಮ್ಮಲ್ಲಿ ಒಬ್ಬರ ಮನೆಗೆ ಹೋದಾಗ ಅವರು ‘ತಿಂಡಿ ತಿನ್ನಿ’ ಎಂದರೆ ‘ಬೇಡ, ಈಗಷ್ಟೇ ಆಯ್ತು’ ಎನ್ನಬೇಕು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರದಿದ್ದರೂ ಹಾಗೆಯೇ ಎನ್ನಬೇಕು. ಎರಡನೇ ಸಲ ಕೇಳಿದಾಗ ‘ನಿಮಗ್ಯಾಕೆ ಸುಮ್ನೆ ತೊಂದ್ರೆ’ ಎನ್ನಬೇಕು. ಮೂರನೇ ಸಲ ಕೇಳಿದಾಗ, ಅವರ ಮನಸ್ಸು ನೋಯಿಸಲಾರದವರ ಹಾಗೆ ‘ಹಾಗಾದ್ರೆ ಅರ್ಧ ಹಾಕಿ’ ಎನ್ನಬಹುದು. ಅರ್ಧ ಎಂದವರಿಗೆ ಎರಡು ಹಾಕುವುದು ಮನೆಯವರ ಧರ್ಮ. ನನ್ನ ಸೋದರತ್ತೆಯೊಬ್ಬರು ಮೂಡಿಗೆರೆಗೆ ಹೊಸದಾಗಿ ವರ್ಗವಾಗಿ ಬಂದ ಆಫೀಸರರೊಬ್ಬರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿ, ಅಲ್ಲಿ ಎರಡೇ ಸಲ ಕೇಳಿದರೆಂದು ಉಪವಾಸ ವಾಪಸು ಬಂದಿದ್ದರು. ಆ ಆಫೀಸರು ಒಳ್ಳೆಯವರು, ಲಂಚ ಮುಟ್ಟದವರು ಎಂದು ಊರೆಲ್ಲ ಹೊಗಳಿದರೂ ಅತ್ತೆ ಮಾತ್ರ ಕೊನೆಯತನಕ, ‘ಇರಬಹುದು, ಆದ್ರೆ ಎರಡೇ ಸಲ ಕೇಳಿದ್ರು’ ಎನ್ನುತ್ತಿದ್ದರು.

ಇನ್ನೊಂದು ವಿಷಯವನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ದೇವರ ದಯದಿಂದ ನನಗೆ ಯಾವುದಕ್ಕೂ ಕೊರತೆಯಿಲ್ಲ. ನಮ್ಮದು ಸಣ್ಣ ಕಾಫಿ ತೋಟ, ಯಜಮಾನರು ಕೋಪಿಷ್ಠರಲ್ಲ, ಮಗಳು ಚಿಕ್ಕಮಗಳೂರಿನಲ್ಲಿ ಕಾಲೇಜಿಗೆ ಹೋಗುತ್ತಾಳೆ, ಗ್ಯಾಸ್ ಸಿಲಿಂಡರು ಹಬ್ಬದ ದಿನ ಖಾಲಿಯಾದದ್ದು ಒಂದೇ ಸಲ. ಆದರೂ ಹೊರನಾಡಿನ ಅಮ್ಮನ ಮುಂದೆ ನಿಂತಾಗಲೆಲ್ಲ ಒಂದು ಮಾತು ಕೇಳಿಕೊಳ್ಳುತ್ತಿದ್ದೆ: ‘ತಾಯಿ, ಒಂದೇ ಒಂದು ಸಲ, ನನಗೆ ಬೇಕಾದದ್ದನ್ನು, ನಾನು ಕೂತಲ್ಲಿಗೆ, ಬಿಸಿಬಿಸಿಯಾಗಿ ಯಾರಾದರೂ ತಂದುಕೊಡಲಿ.’ ಮದುವೆ ಮನೆಯಲ್ಲಿ ಬಡಿಸುತ್ತಾರೆ, ನಿಜ. ಆದರೆ ಅಲ್ಲಿ ಅವರು ಹಾಕಿದ್ದನ್ನು ನಾವು ತಿನ್ನುವುದು. ಮನೆಯಲ್ಲಿ ನನ್ನ ಪಾಲಿಗೆ ಬರುವುದು ಕಾವಲಿಗೆ ಅಂಟಿದ ಕೊನೆಯ ದೋಸೆ. ಅದಕ್ಕೊಂದು ಆಕಾರವಿರುವುದಿಲ್ಲ. ತಿನ್ನುವಾಗ ನಿಂತಿರುತ್ತೇನೆ.

ಮಗಳು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಗೋಕರ್ಣಕ್ಕೆ ಹೊರಟೆವು. ಚಾರ್ಮಾಡಿ ಇಳಿದು, ಬಸ್ಸುಗಳನ್ನು ಬದಲಿಸಿ ಬದಲಿಸಿ, ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ತಲುಪಿದಾಗ ದೇವಸ್ಥಾನದ ಬಾಗಿಲು ಹಾಕಿತ್ತು. ದರ್ಶನ ನಾಳೆ ಬೆಳಿಗ್ಗೆ ಎಂದಾಯಿತು. ಮಗಳು ನಮ್ಮನ್ನು ಸಮುದ್ರದ ಹತ್ತಿರವಿದ್ದ ಒಂದು ಹೋಟೆಲಿಗೆ ಕರೆದುಕೊಂಡು ಹೋದಳು. ಮೇಲೆ ತೆಂಗಿನ ಗರಿ, ಕೆಳಗೆ ಮರಳು, ನಡುವೆ ಬೆತ್ತದ ಕುರ್ಚಿ. ಪಕ್ಕದಲ್ಲೇ ಬೇಕರಿ. ನಮ್ಮ ಆಚೆ ಮೇಜಿನಲ್ಲಿ ಬಿಳಿಯ ದಂಪತಿಗಳು ಒದ್ದೆ ಬಟ್ಟೆಯಲ್ಲೇ ಊಟಕ್ಕೆ ಕೂತಿದ್ದರು. ಮಡಿ ಎಂದರೆ ಒದ್ದೆ ಬಟ್ಟೆ ಎಂದು ನಮ್ಮ ಅಜ್ಜಿಯೂ ಹೇಳುತ್ತಿದ್ದರು, ಆದ್ದರಿಂದ ನಾನು ಏನೂ ಮಾತಾಡಲಿಲ್ಲ.

ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ನಾನು ಅದನ್ನು ನೋಡಿದೆ. ಬಸವನಹುಳದ ಚಿಪ್ಪಿನ ಹಾಗೆ ಸುರುಳಿ ಸುತ್ತಿದ, ಅಂಗೈಯಷ್ಟು ದೊಡ್ಡ ಬನ್ನು. ಸುರುಳಿಯ ಸಂದಿಯಲ್ಲೆಲ್ಲ ಚಕ್ಕೆ ಪುಡಿ, ಬೆಲ್ಲದ ಪಾಕ. ಚಕ್ಕೆ ನಮ್ಮ ಹಿತ್ತಿಲಲ್ಲೇ ಬೆಳೆಯುತ್ತದೆ. ಅದನ್ನು ಪಲಾವಿಗೆ ಹಾಕಿ, ಆಮೇಲೆ ಹುಡುಕಿ ಹುಡುಕಿ ಬಿಸಾಡುವುದು ಬಿಟ್ಟು ಹೀಗೂ ಮಾಡಬಹುದು ಎಂದು ನನಗೆ ತಿಳಿದಿರಲಿಲ್ಲ. ಅದರ ಪಕ್ಕದ ಚೀಟಿಯನ್ನು ಮಗಳು ಓದಿ ಹೇಳಿದಳು: ‘ಒಲೆಯಿಂದ ಬಿಸಿಬಿಸಿ.’ ತಾಯಿ ನನ್ನ ಮಾತು ಕೇಳಿಸಿಕೊಂಡಳು ಅನ್ನಿಸಿತು.

ಒಂದೇ ಅಳುಕು, ಮೊಟ್ಟೆಯದು. ಈ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಮೂಡಿಗೆರೆಯ ಬೇಕರಿಯವರು ನಾನು ಮೆಟ್ಟಿಲು ಹತ್ತುವುದನ್ನು ಕಂಡರೆ ಸಾಕು, ‘ಅಮ್ಮಾ, ಈ ಸಾಲಿನಲ್ಲಿ ಇಲ್ಲ, ಆ ಸಾಲಿನಲ್ಲಿ ಇದೆ’ ಎಂದು ತಾವಾಗಿಯೇ ಕೂಗುತ್ತಾರೆ. ಇಲ್ಲೂ ತಿನ್ನುವ ಮೊದಲು ಕೇಳಿದರಾಯಿತು ಎಂದುಕೊಂಡು ಕುರ್ಚಿಯಲ್ಲಿ ಕೂತೆ. ಸೆರಗು ಸರಿಮಾಡಿಕೊಂಡೆ.

ಬಡಿಸುವವರು ಬಂದರು. ನಡುವಯಸ್ಸಿನ, ಕನ್ನಡಕ ಹಾಕಿದ, ಮೇಷ್ಟ್ರ ಹಾಗೆ ಕಾಣುವ ಮನುಷ್ಯ. ಮಗಳು ಸ್ಯಾಂಡ್‌ವಿಚ್ ಹೇಳಿದಳು. ನಮ್ಮವರು ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿ, ಕೊನೆಗೆ ಬ್ರೆಡ್ ಟೋಸ್ಟು ಮತ್ತು ಕಾಫಿ ಎಂದರು. ಆಮೇಲೆ ಬಡಿಸುವವರು ನನ್ನ ಕಡೆ ತಿರುಗಿದರು.

“ನಿಮ್ಗೆ ಎಂತ ಅಮ್ಮಾ?”

“ಛೆ ಛೆ, ನಂಗೇನೂ ಬೇಡ,” ಎಂದೆ.

“ಸರಿ ಅಮ್ಮಾ,” ಎಂದು ಚೀಟಿಯ ಕೆಳಗೊಂದು ಗೆರೆ ಎಳೆದು ಹೊರಟೇಹೋದರು.

ಅವರ ಬೆನ್ನನ್ನೇ ನೋಡಿದೆ. ನಾಲ್ಕು ಹೆಜ್ಜೆ ಹೋಗಿ ತಿರುಗಿ ‘ಸ್ವಲ್ಪ ಏನಾದ್ರೂ?’ ಎನ್ನುತ್ತಾರೆಂದು ಕಾದೆ. ಅವರು ಅಡಿಗೆಮನೆಯ ಪರದೆ ಸರಿಸಿ ಒಳಗೆ ಮಾಯವಾದರು.

“ಅಮ್ಮ, ನಿಜ್ವಾಗ್ಲೂ ಬೇಡ್ವಾ?” ಎಂದಳು ಮಗಳು.

“ಬೇಡ ಮಾರಾಯ್ತಿ, ಹಸಿವಿಲ್ಲ.” ಇದು ಎರಡನೆಯದು. ಇನ್ನೊಂದೇ ಒಂದು ಸಲ ಕೇಳಿದ್ದರೆ ಆಗಿತ್ತು. ಆದರೆ ಹಾಸ್ಟೆಲಿನಲ್ಲಿ ಇದ್ದ ಮಕ್ಕಳಿಗೆ ಮೂರರವರೆಗೆ ಎಣಿಸಲು ಬರುವುದಿಲ್ಲ.

“ಅವಳು ಬಸ್ಸಿಳಿದ ಮೇಲೆ ಹಾಗೇ. ಹೊಟ್ಟೆ ತೊಳೆಸುತ್ತೆ ಅವಳಿಗೆ,” ಎಂದು ನಮ್ಮವರು ವಿವರಿಸಿದರು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವರು, ನನ್ನ ಹೊಟ್ಟೆಯ ವಿಷಯ ಅವರಿಗೆ ಗೊತ್ತಿಲ್ಲದಿರುತ್ತದೆಯೇ?

ತಟ್ಟೆಗಳು ಬಂದವು. ಕಾಫಿಯೂ ಬಂತು, ಉದ್ದನೆಯ ಗಾಜಿನ ಲೋಟದಲ್ಲಿ, ಮೇಲೆ ಸೋಪಿನ ಹಾಗೆ ನೊರೆ. ನಮ್ಮವರು ಒಂದು ಗುಟುಕು ಕುಡಿದರು. ಅವರ ಮುಖ ಕಾಫಿ ಒಣಹಾಕಿದ ಕಣದ ಮೇಲೆ ಅಕಾಲ ಮಳೆ ಬಿದ್ದಾಗಿನ ಮುಖವಾಯಿತು.

“ಇದು ಯಾವ ತೋಟದ ಕಾಫಿ?” ಎಂದು ಕೇಳಿದರು.

“ಡಬ್ಬಿದು ಸರ್,” ಎಂದರು ಕನ್ನಡಕದವರು.

“ಡಬ್ಬಿ ಎಲ್ಲಿ ಬೆಳೆಯುತ್ತೆ?”

“ಅಪ್ಪಾ, ಪ್ಲೀಸ್,” ಎಂದಳು ಮಗಳು.

ನಮ್ಮವರು ನನ್ನ ಚೀಲದ ಕಡೆ ನೋಡಿದರು. ನಾವು ಕಾಫಿ ಸೀಮೆಯವರು ಎಲ್ಲಿಗೆ ಹೊರಟರೂ ದೇವರ ಪ್ರಸಾದದ ಡಬ್ಬಿ ಮರೆತೇವು, ಕಾಫಿ ಪುಡಿ ಮರೆಯುವುದಿಲ್ಲ. ನನ್ನ ಚೀಲದಲ್ಲಿ ನಮ್ಮದೇ ತೋಟದ ಪುಡಿಯ ಪೊಟ್ಟಣವೂ, ಸೀರೆಯಲ್ಲಿ ಸುತ್ತಿದ ಹಿತ್ತಾಳೆ ಫಿಲ್ಟರೂ ಇದ್ದವು.

“ಒಳಗೆ ಹೋಗಿ ನೀನೇ ಸ್ವಲ್ಪ ಮಾಡ್ಕೊಂಡು ಬಾ. ಅವ್ರಿಗೂ ಗೊತ್ತಾಗ್ಲಿ ಕಾಫಿ ಅಂದ್ರೇನು ಅಂತ. ಹೇಗೂ ನೀನೇನೂ ತಿಂತಾ ಇಲ್ವಲ್ಲ.”

ಮಗಳು ಮರಳಿನೊಳಗೆ ಇಳಿದುಹೋಗುವವಳ ಹಾಗೆ ಕುರ್ಚಿಯಲ್ಲಿ ಕುಸಿದಳು. ಕನ್ನಡಕದವರು ಒಳಗೆ ಹೋಗಿ ವಿಚಾರಿಸಿ ಬಂದು, “ಅಡಿಗೆಯ ಅಕ್ಕ ಬನ್ನಿ ಅಂದ್ರು,” ಎಂದರು. ಬಡಿಸಿಕೊಳ್ಳಲೆಂದು ಘಟ್ಟ ಇಳಿದು ಬಂದವಳು ನಾನು ಫಿಲ್ಟರು ಹಿಡಿದುಕೊಂಡು ಅಡಿಗೆಮನೆಗೆ ನಡೆದೆ. ತಾಯಿಯ ಹತ್ತಿರ ಕೇಳುವಾಗ ಎಲ್ಲೋ ತಪ್ಪಿದ್ದೇನೆ ಅನ್ನಿಸಿತು.

ಒಳಗೆ ಗಿರಿಜಕ್ಕ ಎಂಬ ಆ ಊರಿನವರೇ ಆದ ದಪ್ಪ ಹೆಂಗಸು ಮೊಣಕೈತನಕ ಮೈದಾ ಹಿಟ್ಟು ಮೆತ್ತಿಕೊಂಡು ನಿಂತಿದ್ದರು. “ಕಾಫಿ ತೋಟದವ್ರಾ? ಬನ್ನಿ ಬನ್ನಿ. ನಾನೂ ಆ ಡಬ್ಬಿ ನೀರು ಕುಡಿಯೂದಿಲ್ಲ,” ಎಂದು ಮೈದಾ ಡಬ್ಬವೊಂದನ್ನು ಕಾಲಿನಿಂದ ನನ್ನತ್ತ ತಳ್ಳಿದರು. ನೀರು ಕಾಯಿಸಿ ಫಿಲ್ಟರಿಗೆ ಹೊಯ್ದು ನಾನು ಆ ಡಬ್ಬದ ಮೇಲೆ ಕೂತೆ. ಡಿಕಾಕ್ಷನ್ ಇಳಿಯುವುದನ್ನು ಅವಸರ ಮಾಡಲು ಬರುವುದಿಲ್ಲ. ತೊಟ್ಟು ತೊಟ್ಟಾಗಿ ಇಳಿಯಬೇಕು, ನಾವು ಸುಮ್ಮನೆ ಕೂತಿರಬೇಕು. ಆ ಹೊತ್ತಿಗೆ ಸರಿಯಾಗಿ ಗಿರಿಜಕ್ಕ ಒಲೆಯ ಬಾಗಿಲು ತೆಗೆದರು. ತಟ್ಟೆಯ ತುಂಬ ಸುರುಳಿ ಬನ್ನುಗಳು, ಬೆಲ್ಲದ ಪಾಕ ಇನ್ನೂ ಗುಳ್ಳೆ ಏಳುತ್ತಿತ್ತು.

“ಒಂದು ತಿನ್ನಿ.”

“ಬೇಡ, ಈಗಷ್ಟೇ ಆಯ್ತು,” ಎಂದಿತು ನನ್ನ ಬಾಯಿ. ಅದು ನನ್ನನ್ನು ಕೇಳಿ ಮಾತಾಡುವುದಿಲ್ಲ.

ಗಿರಿಜಕ್ಕ ನನ್ನನ್ನು ದಿಟ್ಟಿಸಿದರು. “ಎಂತ ಆದ್ದು? ನಿಮ್ಮ ಮೇಜಿನ ಚೀಟಿ ನಾನೇ ನೋಡಿದ್ದಲ್ವಾ? ಎರಡು ಜನರದ್ದೇ ಇತ್ತು. ತಿನ್ನಿ.”

“ನಿಮಗ್ಯಾಕೆ ಸುಮ್ನೆ ತೊಂದ್ರೆ.”

“ಎಂತ ತೊಂದ್ರೆ ಮಾರಾಯ್ರೆ, ಸುಟ್ಟಾಗಿದೆ, ಇನ್ನು ಹಸಿ ಮಾಡ್ಲಿಕ್ಕೆ ಬರ್ತದಾ? ಅರ್ಧ ಆದ್ರೂ ತಿನ್ನಿ.”

ಮೂರು! ನನ್ನ ಕಣ್ಣಲ್ಲಿ ನೀರು ಬಂತು. “ಹಾಗಾದ್ರೆ ಅರ್ಧ ಹಾಕಿ,” ಎಂದೆ.

ಅವರು ಎರಡು ಹಾಕಿದರು. ತೊಡೆಯ ಮೇಲೆ ಬಾಳೆಲೆ ತುಂಡು, ಅದರ ಮೇಲೆ ಬನ್ನು. ನಾನು ಕೂತಿದ್ದೆ, ನನಗೆ ಬೇಕಾದದ್ದೇ ಇತ್ತು, ಬಿಸಿಯಿತ್ತು, ಒಬ್ಬರು ತಂದುಕೊಟ್ಟಿದ್ದರು. ತಾಯಿ ಒಂದು ಅಕ್ಷರವನ್ನೂ ಬಿಟ್ಟಿರಲಿಲ್ಲ. ಎಲ್ಲಿ ಕೂತು ತಿನ್ನಬೇಕು ಎಂದು ನಾನು ಹೇಳಿರಲಿಲ್ಲ, ಅಷ್ಟೇ.

ಕಾಫಿ ಹೊರಗೆ ಹೋಯಿತು. ನಮ್ಮವರು ಕುಡಿದು “ಹಾಂ, ಇದು” ಎಂದರು. ಕನ್ನಡಕದವರೂ ಕುಡಿದರು. ಮಗಳು ಮಾತ್ರ ನನ್ನ ಮುಖ ನೋಡಿ, “ಪಾಪ ಅಮ್ಮ, ಏನೂ ತಿನ್ಲೇ ಇಲ್ಲ. ಇಲ್ಲಿ ಬಂದೂ ಕೆಲ್ಸ ಮಾಡಿದ್ಳು,” ಎಂದಳು. ನಮ್ಮವರ ಮುಖ ಸಣ್ಣದಾಯಿತು. ನಾನು ಬಾಯಿ ಒರೆಸಿಕೊಂಡೆ. ಅಂದು ಸಂಜೆಯೆಲ್ಲ ಅವರು ನನಗೆ ಎಳನೀರು, ಬಾಳೆಹಣ್ಣು, ಹುರಿದ ಶೇಂಗಾ ಎಂದು ಉಪಚಾರ ಮಾಡಿದರು. ಪ್ರತಿಯೊಂದನ್ನೂ ಎರಡು ಸಲ ಬೇಡವೆಂದು, ಮೂರನೇ ಸಲಕ್ಕೆ ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಮಡಿಯುಟ್ಟು, ಸಾಲಿನಲ್ಲಿ ನಿಂತು ಗರ್ಭಗುಡಿಯೊಳಗೆ ಹೋದೆವು. ಅಲ್ಲಿ ನಾವೇ ಕೈಚಾಚಿ ಶಿವನನ್ನು ಮುಟ್ಟಬಹುದು. ನಾನು ಕೈ ಚಾಚಿದೆ. ಆಗ ನೆನಪಾಯಿತು: ಮೊಟ್ಟೆಯ ವಿಷಯ ಕೇಳಲೇ ಇಲ್ಲ! ಎರಡು ಸಲ ಬೇಡ ಎನ್ನಲು ಪುರುಸೊತ್ತಿದ್ದ ಬಾಯಿಗೆ ಒಂದು ಸಲ ಅದನ್ನು ಕೇಳಲು ಪುರುಸೊತ್ತಾಗಿರಲಿಲ್ಲ. ಕೈ ಅಲ್ಲೇ ನಿಂತಿತು. ಹಿಂದಿನವರು ‘ಮುಂದೆ ಹೋಗಿ, ಮುಂದೆ ಹೋಗಿ’ ಎಂದು ತಳ್ಳಿದ್ದರಿಂದ ಮುಟ್ಟಿದಂತಾಯಿತು. ಅದು ನಾನಾಗಿ ಮುಟ್ಟಿದ್ದಲ್ಲವೆಂದು ಶಿವನಿಗೆ ಮನಸ್ಸಿನಲ್ಲೇ ತಿಳಿಸಿದೆ. ಗಿರಿಜಕ್ಕನನ್ನು ಕಂಡು ನೇರವಾಗಿ ಕೇಳುತ್ತೇನೆ, ಇದೆ ಎಂದರೆ ಪ್ರಾಯಶ್ಚಿತ್ತಕ್ಕೆ ಒಂದು ವಾರ ಒಪ್ಪೊತ್ತು ಮಾಡುತ್ತೇನೆ ಎಂದು ಅಲ್ಲೇ ಹರಕೆ ಹೊತ್ತೆ.

ನಮ್ಮವರನ್ನೂ ಮಗಳನ್ನೂ ಹೂವಿನಂಗಡಿಯ ಹತ್ತಿರ ನಿಲ್ಲಿಸಿ, ಫಿಲ್ಟರಿನ ಮುಚ್ಚಳ ಮರೆತಿದ್ದೇನೆಂದು ಹೇಳಿ, ಒಬ್ಬಳೇ ಆ ಹೋಟೆಲಿಗೆ ನಡೆದೆ. ಗಿರಿಜಕ್ಕ ಹಿಂಬಾಗಿಲಲ್ಲೇ ನಿಂತಿದ್ದರು. ಒಳಗಿನಿಂದ ಚಕ್ಕೆಯ ವಾಸನೆ ಬರುತ್ತಿತ್ತು.

“ಓ, ಬಂದ್ರಾ! ತಿಂತೀರಾ?” ಎಂದರು.

ಹಣೆಯಲ್ಲಿ ಇನ್ನೂ ಹಸಿಯಾಗಿದ್ದ ಗಂಧ ಮುಟ್ಟಿಕೊಂಡು, ಶಿವನನ್ನು ನೆನೆದು, ಹರಕೆಯ ಪ್ರಕಾರ ಕೇಳಲೆಂದೇ ಬಾಯಿ ತೆರೆದೆ.

“ಬಿಸಿ ಇದ್ಯಾ?” ಎಂದೆ.