ಮುಖ ನನ್ನದು, ದನಿ ಭಾಸ್ಕರಂ ಅವರದು

ತನ್ನ ದನಿ ಚೆನ್ನಾಗಿಲ್ಲ ಎಂದು ಒಪ್ಪಿಕೊಳ್ಳುವ ಮನುಷ್ಯನನ್ನು ನಾನು ಈವರೆಗೆ ಕಂಡಿಲ್ಲ. ತಲೆ ಬೋಳಾಗಿದೆ ಎಂದರೆ ಸವರಿಕೊಂಡು ಸುಮ್ಮನಾಗುತ್ತಾರೆ, ಹೊಟ್ಟೆ ಬಂದಿದೆ ಎಂದರೆ ನಗುತ್ತಾರೆ. ದನಿಯ ವಿಷಯಕ್ಕೆ ಬಂದರೆ ಮಾತ್ರ ಪ್ರತಿಯೊಬ್ಬನೂ ಬಚ್ಚಲುಮನೆಯ ಗವಾಯಿಯೇ. ಆ ಪೈಕಿ ನಾನು ಒಂದು ಕೈ ಮೇಲು. ಅಂಥ ನಾನು ಮೂವತ್ತು ವರ್ಷ ತೆಲುಗು ಸಿನಿಮಾ, ಸೀರಿಯಲ್ಲುಗಳಲ್ಲಿ ನಾಯಕಿಯ ಅಪ್ಪನಾಗಿ, ಸರಪಂಚನಾಗಿ, ಜಡ್ಜನಾಗಿ, ಮೂರು ಸಲ ಹೆಣವಾಗಿ ನಟಿಸಿಯೂ ಒಮ್ಮೆಯೂ ನನ್ನ ದನಿ ಯಾರ ಕಿವಿಗೂ ಬೀಳಲಿಲ್ಲವೆಂದರೆ ನನ್ನ ಸಂಕಟ ನಿಮಗೆ ಅರ್ಥವಾದೀತು. ಹೆಣದ ಪಾತ್ರಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ಉಳಿದವುಗಳಲ್ಲೆಲ್ಲ ತುಟಿ ನನ್ನದು, ಮಾತು ಭಾಸ್ಕರಂ ಎಂಬ ಡಬ್ಬಿಂಗ್ ಕಲಾವಿದರದು.

ನಮ್ಮದು ಕಲಬುರಗಿ ಕಡೆಯ ಮನೆತನ. ಅಜ್ಜ ನೌಕರಿಗೆಂದು ಹೈದರಾಬಾದಿಗೆ ಬಂದವರು ಇಲ್ಲಿಯೇ ಉಳಿದರು. ನಾನು ಹಗಲು ನೀರಾವರಿ ಇಲಾಖೆಯಲ್ಲಿ ಫೈಲು ನೋಡುತ್ತಿದ್ದೆ, ಸಂಜೆ ಕನ್ನಡ ನಾಟಕ ಮಾಡುತ್ತಿದ್ದೆ. ಮೈಕು ಪದೇ ಪದೇ ಕೈಕೊಡುತ್ತಿದ್ದ ನಮ್ಮ ಸಭಾಂಗಣದಲ್ಲಿ ಕೊನೆಯ ಸಾಲಿನಲ್ಲಿ ತೂಕಡಿಸುತ್ತಿದ್ದವರನ್ನು ಎಬ್ಬಿಸುವಷ್ಟು ನನ್ನ ಗಂಟಲಿಗೆ ಕಸುವಿತ್ತು. ಒಂದು ಸಲ ನಾಟಕ ನೋಡಲು ಬಂದಿದ್ದ ತೆಲುಗು ನಿರ್ದೇಶಕರೊಬ್ಬರಿಗೆ ನಾನು ಹಿಡಿಸಿದೆ. ಗಂಟಲಲ್ಲ, ಮೂಗು ಮತ್ತು ಮೀಸೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಸಂತೆಯಲ್ಲಿ ತೆಲುಗು ಎಂದು ಬೆಳೆದವನ ನಾಲಿಗೆ ಕೋಪ ಬಂದಾಗ ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸುತ್ತದೆ. ಮೊದಲ ದಿನವೇ ಅದನ್ನು ಕೇಳಿದ ನಿರ್ದೇಶಕರು, ಸುಮ್ಮನೆ ಬಾಯಿ ಆಡಿಸಿದರೆ ಸಾಕು, ಮುಂದಿನದನ್ನು ತಾವು ನೋಡಿಕೊಳ್ಳುವುದಾಗಿ ಬಹಳ ಮರ್ಯಾದೆಯಿಂದ ಹೇಳಿದರು.

ಹೀಗೆ ಬಾಯಿ ಆಡಿಸುವವರು ಸಾಮಾನ್ಯವಾಗಿ ಒಂದು, ಎರಡು, ಮೂರು ಎಂದು ಎಣಿಸುತ್ತಾರೆ. ನನಗೆ ಅಂಕಿಗಳಿಂದ ದುಃಖ ಬರಲಿಲ್ಲ. ಹಾಗಾಗಿ ನಾನು ಕಲಬುರಗಿಗೆ ಹೋಗುವ ರೈಲು ನಿಲ್ದಾಣಗಳ ಹೆಸರು ಹೇಳತೊಡಗಿದೆ. ಬೇಗಂಪೇಟೆ, ಲಿಂಗಂಪಲ್ಲಿಗಳಲ್ಲಿ ಗತ್ತು, ವಿಕಾರಾಬಾದಿಗೆ ಹುಬ್ಬು ಗಂಟು, ತಾಂಡೂರು, ಸೇಡಂ ಬರುವಷ್ಟರಲ್ಲಿ ತುಟಿ ನಡುಕ, ವಾಡಿಗೆ ಕಣ್ಣೀರು. ವಾಡಿಯಲ್ಲಿ ಯಾಕೆ ಎಂದರೆ, ಚಿಕ್ಕವನಿದ್ದಾಗ ರಜೆಗೆ ಅಜ್ಜಿಯ ಮನೆಗೆ ಹೊರಟರೆ ಅಪ್ಪ ತಂಬಿಗೆ ಹಿಡಿದು ನೀರು ತರಲು ಇಳಿಯುತ್ತಿದ್ದುದು ಅಲ್ಲಿ. ನಳದ ಮುಂದೆ ಗದ್ದಲ. ಗಾಡಿ ಸೀಟಿ ಹೊಡೆದರೂ ಅಪ್ಪನ ಸುಳಿವಿಲ್ಲ. ಕಿಟಕಿಯ ಸರಳು ಹಿಡಿದು ನಾನು ಅಳುವುದು, ಗಾಡಿ ಅಲುಗಿದ ಮೇಲೆ ಅಪ್ಪ ಇನ್ನೊಂದು ಡಬ್ಬಿಯಿಂದ ನಗುತ್ತ ಬರುವುದು, ಅವ್ವ ಇಬ್ಬರನ್ನೂ ಬೈಯುವುದು. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಆದರೂ ವಾಡಿ ಎಂದರೆ ಸಾಕು, ನನಗೆ ಗ್ಲಿಸರಿನ್ ಬೇಕಾಗುವುದಿಲ್ಲ.

ಭಾಸ್ಕರಂ ಅವರನ್ನು ನಾನು ಮುಖತಃ ಕಂಡದ್ದು ಎಷ್ಟೋ ಚಿತ್ರಗಳಾದ ಮೇಲೆ, ಡಬ್ಬಿಂಗ್ ಸ್ಟುಡಿಯೋದ ಚಹಾದ ಕಟ್ಟೆಯ ಮುಂದೆ. ಮಡಿಸಿಟ್ಟ ಕೊಡೆಯಂಥ ಸಣಕಲು ಆಸಾಮಿ. ಆ ಮೈಯೊಳಗಿನಿಂದ ನನ್ನ ಸರಪಂಚ, ನನ್ನ ಜಡ್ಜು ಮಾತಾಡಿದಾಗ ನಾನು ಅವರ ಬೆನ್ನ ಹಿಂದೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ವಾಡಿಯಲ್ಲಿ ನಿಮಗೆ ಏನಾಗಿತ್ತು?" ನನ್ನ ತುಟಿಗಳನ್ನೇ ಸಾವಿರ ಸಲ ನೋಡಿ ಅವರು ನನ್ನ ರೈಲು ದಾರಿಯನ್ನೆಲ್ಲ ಓದಿಕೊಂಡಿದ್ದರು. ಅಪ್ಪನ ತಂಬಿಗೆಯ ಕಥೆ ಹೇಳಿದೆ. ನಗಲಿಲ್ಲ, ಇನ್ನೊಂದು ಚಹಾ ತರಿಸಿದರು. ಅಂದಿನಿಂದ ನಾವು ಸ್ನೇಹಿತರು. ಹಾಗೆಂದು ನನ್ನ ಹೊಟ್ಟೆಕಿಚ್ಚೇನೂ ಆರಲಿಲ್ಲ. ಮೆಹದಿಪಟ್ಟಣಂನ ನಮ್ಮ ಕಾಲೊನಿಯಲ್ಲಿ ಹೊಸದಾಗಿ ಬಂದವರು ನನ್ನನ್ನು ಗುರುತಿಸಿ, ಮಾತಾಡಿಸಿ, ನಾನು ಬಾಯಿ ತೆರೆದೊಡನೆ ಗಂಟಲು ಕೆಟ್ಟಿದೆಯೇ ಎಂದು ಕೇಳುತ್ತಿದ್ದರು. ಒಬ್ಬ ತಾಯಿ ಮೆಣಸಿನ ಕಷಾಯವನ್ನೇ ಕಳಿಸಿದ್ದರು. ಊರಲ್ಲಿ ಒಂದು ಸಂಘದವರು ನನ್ನ ಗಂಭೀರ ಕಂಠಕ್ಕೆಂದು ಶಾಲು ಹೊದಿಸಿದಾಗ, ಗುಟ್ಟು ರಟ್ಟಾಗದಿರಲೆಂದು ನಾನು ಬರೀ ಕೈ ಮುಗಿದು ಕೆಳಗಿಳಿದೆ.

ಹೋದ ವರ್ಷ ಭಾಸ್ಕರಂ ನಿದ್ದೆಯಲ್ಲೇ ತೀರಿಕೊಂಡರು. ದಿಲ್‌ಸುಖ್‌ನಗರದ ಅವರ ಮನೆಗೆ ಕೆಲವು ದಿನ ಬಿಟ್ಟು ಹೋಗುವಾಗ ಮೆಟ್ರೊದಲ್ಲಿ ಕೂತು ನಾನು ಯೋಚಿಸಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಒಂದು ಸೀರಿಯಲ್ಲಿನಲ್ಲಿ ನಾನು ಮಾಡುತ್ತಿದ್ದ ತಾತನ ಪಾತ್ರ ಇನ್ನೂ ನಡೆದಿತ್ತು. ಇನ್ನು ಮುಂದೆ ನನ್ನ ಪಾತ್ರಕ್ಕೆ ನಾನೇ ಮಾತಾಡಬಹುದಲ್ಲ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಮನೆ ಮುಟ್ಟಿದಾಗ ಅದೇ ಸೀರಿಯಲ್ಲು ಬರುತ್ತಿತ್ತು. ಅವರ ಹೆಂಡತಿ ಟೀವಿಗೆ ಬೆನ್ನು ಹಾಕಿ ಕೂತು ಬೀನ್ಸ್ ಸೋಸುತ್ತಿದ್ದರು. ನನ್ನ ಮುಖವನ್ನು ಆಕೆ ಎಂದೂ ನೋಡುತ್ತಿರಲಿಲ್ಲವಂತೆ, ಬರೀ ಕೇಳುತ್ತಿದ್ದರಂತೆ. ಗಂಡ ಮೊದಲೇ ದನಿ ಕೊಟ್ಟಿಟ್ಟ ಎಂಟು ಕಂತು ಇನ್ನೂ ಉಳಿದಿವೆ, ಆಮೇಲೆ ಈ ಹೊತ್ತಿಗೆ ಮನೆ ಸುಮ್ಮನಾಗುತ್ತದೆ ಎಂದರು. ನಾನೂ ಟೀವಿಗೆ ಬೆನ್ನು ಹಾಕಿ ಕೂತು ಆ ಕಂತು ಕೇಳಿದೆ.

ಹಾಗಂತ ಅವಕಾಶ ಬಂದಾಗ ಬಿಟ್ಟೆನೇ? ಸೀರಿಯಲ್ಲಿನವರನ್ನು ಕಾಡಿ ಬೇಡಿ ಒಪ್ಪಿಸಿದೆ. ನನ್ನ ಹೆಂಡತಿ ಸುಧಾ ಎದುರು ಒಂದು ವಾರ ತೆಲುಗು ತಾಲೀಮು ಮಾಡಿದೆ. ಮನೆ ಬಿಟ್ಟು ಹೋದ ಮಗಳನ್ನು ತಾತ ಮರಳಿ ಬಾ ಎಂದು ಬೇಡಿಕೊಳ್ಳುವ ದೃಶ್ಯ. ಮೈಕಿನ ಮುಂದೆ ನಿಂತು ಪರದೆಯ ಮೇಲಿನ ನನ್ನ ತುಟಿಗಳಿಗೆ ಸರಿಯಾಗಿ ನನ್ನದೇ ದನಿ ಸೇರಿಸಿದೆ. ಗಾಜಿನಾಚೆ ಕೂತವರು ಮತ್ತೊಮ್ಮೆ ಮಾಡಿಸಿದರು, ಮಗದೊಮ್ಮೆ ಮಾಡಿಸಿದರು. ಕೊನೆಗೆ ಧ್ವನಿಮುದ್ರಣದ ಹುಡುಗಿ ಹತ್ತಿರ ಬಂದು, "ಸಾರ್, ದನಿ ಬಾಗುಂದಿ. ಆದರೆ ಆ ಮುಖಕ್ಕೆ ಹೊಂದುತ್ತಿಲ್ಲ" ಎಂದಳು. ಆ ಮುಖ ಯಾರದೆಂದು ಅವಳಿಗೆ ನೆನಪಿಸುವ ಧೈರ್ಯ ನನಗಾಗಲಿಲ್ಲ. ಬೇರೆಯವರನ್ನು ಕರೆಸುವ ಮಾತು ನಡೆಯಿತು. ಆಗ ನನಗೆ ಟೀವಿಗೆ ಬೆನ್ನು ಹಾಕಿ ಕೂತ ಆ ಹೆಣ್ಣುಮಗಳು ಕಣ್ಮುಂದೆ ಬಂದರು. ಇನ್ನೊಂದೇ ಸಲ ಎಂದು ಬೇಡಿ, ಒಂದು ಕ್ಷಣ ಕಣ್ಣು ಮುಚ್ಚಿ ತೆರೆದು, ಭಾಸ್ಕರಂ ಮಾತಾಡಿದಂತೆ ಮಾತಾಡಿದೆ. ಒಂದೇ ಟೇಕಿಗೆ ಒಪ್ಪಿಗೆಯಾಯಿತು. ಪಾತ್ರ ಉಳಿಯಲಿ ಎಂದು ಮಾಡಿದೆನೋ, ಆಕೆಗಾಗಿ ಮಾಡಿದೆನೋ, ಬಿಡಿಸಿ ಕೇಳಬೇಡಿ.

ಆ ಕಂತು ಬಂದ ದಿನ ನಾನೂ ಸುಧಾಳೂ ಟೀವಿಯ ಮುಂದೆ ಕೂತೆವು. ಯಾರಿಗೂ ಗೊತ್ತಾಗುವಂತಿರಲಿಲ್ಲ, ನನಗೇ ಒಮ್ಮೆ ಭಾಸ್ಕರಂ ಇದ್ದಾರೆ ಎನ್ನಿಸಿತು. ಮುಗಿದ ಕೂಡಲೇ ಫೋನು ಬಂತು. ಅವರ ಹೆಂಡತಿ. ತೆಲುಗಿನಲ್ಲಿ ನಿಧಾನವಾಗಿ ಹೇಳಿದರು: "ನೀವೇ ಮಾಡಿದಿರಿ, ಅಲ್ಲವೇ? ಚೆನ್ನಾಗಿದೆ, ನಾಳೆಯೂ ಕೇಳುತ್ತೇನೆ. ಆದರೆ ಅಳುವಲ್ಲಿ ಅವರು ಇಷ್ಟು ಕೂಗುತ್ತಿರಲಿಲ್ಲ. ಆ ಮುಖವೇ ಅಳುತ್ತಿದೆ, ನಾನ್ಯಾಕೆ ನಡುವೆ ಬರಲಿ ಅನ್ನುತ್ತಿದ್ದರು."

ಮೂವತ್ತು ವರ್ಷ ಆ ಮನುಷ್ಯ ನನ್ನ ದನಿ ನುಂಗಿದನೆಂದು ಒಳಗೊಳಗೇ ಕುದಿದಿದ್ದೆ. ನನ್ನ ಮುಖಕ್ಕೆ ದಾರಿ ಬಿಟ್ಟು ಆತ ತನ್ನ ದನಿಯನ್ನೇ ತಗ್ಗಿಸುತ್ತಿದ್ದನೆಂದು ಈಗ ತಿಳಿಯಿತು. ಫೋನು ಇಟ್ಟೆ. ಏನಂದ್ರು ಎಂದು ಸುಧಾ ಕೇಳಿದಳು.

"ಅಳೋ ಮುಂದ ದನಿ ಸ್ವಲ್ಪ ಸಣ್ಣದು ಮಾಡ್ಬೇಕಂತ" ಎಂದೆ.

"ಲಗ್ನ ಆದಾಗಿಂದ ನಾ ಅದನ್ನ ಹೇಳಾಕತ್ತೀನ್ರಿ. ನನ್ನ ಮಾತು ಯಾರು ಕೇಳ್ತಾರ?" ಎಂದು ಆಕೆ ಟೀವಿ ಆರಿಸಿ ಒಳಗೆ ಹೋದಳು.