ಅಗ್ಗದ ಕೊಲೈಡರೂ ಕಾಕಾನ ಮೆಣಸಿನ ಗಿಡವೂ

ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ, ಯಾದಗಿರಿಯಲ್ಲಿ ಭೌತಶಾಸ್ತ್ರದ ಮಾಸ್ತರ ಎಂದಷ್ಟೇ ಹೇಳಿ ಜಾರಿಕೊಳ್ಳುತ್ತೇನೆ. ಉಳಿದರ್ಧ ಹೇಳಲು ನಾಚಿಕೆ. ಕಣ್ಣಿಗೆ ಕಾಣದ ಕಣಗಳನ್ನು ನೆಲದಡಿಯ ದೊಡ್ಡ ಸುತ್ತುಸುರಂಗದಲ್ಲಿ ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುವ ಕೊಲೈಡರ್ ಎಂಬ ಯಂತ್ರವಿದೆಯಲ್ಲ, ಮುಂದೆ ಕಟ್ಟುವ ಅಂಥದೊಂದನ್ನು ಅಗ್ಗದಲ್ಲಿ ಮುಗಿಸುವುದು ಹೇಗೆಂದು ಯೋಚಿಸುವ ಗುಂಪಿನಲ್ಲಿ ನಾನೂ ಒಬ್ಬ. ಬದನೆಕಾಯಿಗೆ ಚೌಕಾಸಿ ಮಾಡಲು ಬಾರದವನಿಗೆ ಈ ಕೆಲಸ ಕೊಟ್ಟ ಪುಣ್ಯಾತ್ಮ ಯಾರೆಂದು ನನ್ನ ಹೆಂಡತಿ ಇಂದಿಗೂ ವಿಚಾರಿಸುತ್ತಿದ್ದಾಳೆ.

ದೋರನಹಳ್ಳಿಯ ನಮ್ಮ ಮಲ್ಲಣ್ಣ ಕಾಕಾನ ಮೆಣಸಿನ ಹೊಲ ಕಾಲುವೆಯ ಕಟ್ಟಕಡೆಗಿದೆ. ಕಾಯಿ ಹಿಡಿಯುವ ಹೊತ್ತಿಗೆ ಸರಿಯಾಗಿ ನೀರು ಬರುವುದು ನಿಂತಿತ್ತು. ಇನ್ನೊಂದು ನೀರು ಸಿಗದಿದ್ದರೆ ಬೆಳೆ ಹೋದಂತೆಯೇ. ಮೇಲಿನ ಹೊಲದವರು ಮೋಟಾರು ಹಚ್ಚಿ ಎಳೆಯುತ್ತಾರೆ, ಓದಿದವನು ಹೇಳಿದರೆ ಕೇಳಿಯಾರು ಎಂದು ನನ್ನನ್ನು ಕರೆಸಿದ್ದ. ದಂಡೆ ಹಿಡಿದು ನಡೆಯುವಾಗ, ನಿನ್ನ ಯಂತ್ರಕ್ಕೆ ಅಷ್ಟು ಖರ್ಚು ಯಾಕೆ ಎಂದು ಕೇಳಿದ. ಸುರಂಗ ಅಗೆಯುವುದಕ್ಕೇ ಬಹಳ ಹೋಗುತ್ತದೆ ಎಂದೆ. ಈ ಕಾಲುವೆಯನ್ನು ಅಗೆದೇ ಇಟ್ಟಿದ್ದಾರಲ್ಲ, ಬೇಸಿಗೆಯಲ್ಲಿ ಖಾಲಿ ಬಿದ್ದಿರುತ್ತದೆ, ಆಗ ಓಡಿಸಿಕೋ ಎಂದ. ನಾನು ನಕ್ಕೆ. ಹಳೇ ಸುರಂಗವನ್ನೇ ಮತ್ತೆ ಬಳಸಬಹುದೆಂದು ನಮ್ಮ ಗುಂಪು ವರ್ಷಗಟ್ಟಲೆ ಚರ್ಚಿಸಿ ಕಂಡುಕೊಂಡದ್ದನ್ನು ಮಾತ್ರ ಹೇಳಲಿಲ್ಲ. ಬದಲಿಗೆ, ತಿರುವು ಬಂದಲ್ಲೆಲ್ಲ ಕಣಗಳ ಶಕ್ತಿ ಸೋರಿಹೋಗುತ್ತದೆ ಎಂದು ಗಂಭೀರವಾಗಿ ವಿವರಿಸಿದೆ.

“ಇಲ್ಲೂ ತಿರುವಿಗೊಂದು ಮೋಟಾರು ಐತಿ,” ಎಂದ ಕಾಕಾ. “ನೀರೇ ತುದಿಗಿ ಬರವಲ್ದು, ನಿನ್ನ ಕಣ ಬರ್ತಾವೇನು?”

ಮೇಲಿನ ಹೊಲದವರು ಮರ್ಯಾದೆಯಿಂದ ಚಹಾ ಕೊಟ್ಟರು. ನಾನು ಸೋರಿಕೆಯ ಮೇಲೆ ಪಾಠವನ್ನೇ ಮಾಡಿದೆ. ನಿಮ್ಮ ಯಂತ್ರದಲ್ಲಿ ಸೋರಿದ್ದಕ್ಕೆ ಏನು ಮಾಡುತ್ತೀರಿ ಎಂದು ಒಬ್ಬರು ಕೇಳಿದರು. ಸುತ್ತು ಸುತ್ತಿಗೂ ಮತ್ತೆ ಶಕ್ತಿ ತುಂಬುತ್ತೇವೆ ಎಂದೆ.

“ಹಂಗಾದ್ರ ಮ್ಯಾಲಿಂದ ಜಾಸ್ತಿ ನೀರು ಬಿಡಸ್ರಿ ಸರ,” ಎಂದು ಅವರು ಎದ್ದರು. ನನ್ನ ಪಾಠ ಇಷ್ಟು ಬೇಗ ಅರ್ಥವಾದ ವಿದ್ಯಾರ್ಥಿಗಳು ಕಾಲೇಜಿನಲ್ಲೂ ಸಿಕ್ಕಿಲ್ಲ. ಮೋಟಾರುಗಳು ಮಾತ್ರ ನಿಲ್ಲಲಿಲ್ಲ.

ಹೊಲಕ್ಕೆ ಮರಳಿ ಕಾಕಾ ಬಾಡಿದ ಗಿಡಗಳ ಮುಂದೆ ಕೂತ. ಮಾನ ಉಳಿಸಿಕೊಳ್ಳಲು ಮೊಬೈಲಿನಲ್ಲಿ ನಮ್ಮ ಯಂತ್ರದ ನಕ್ಷೆ ತೆಗೆದು, ನೋಡು, ನಮ್ಮ ಕಣಗಳು ಕೊನೆಯವರೆಗೂ ಬರುತ್ತವೆ ಎಂದೆ.

“ನಕ್ಷಿ ಚಂದ ಐತಿ, ತಮ್ಮಾ. ನೀರಾವರಿ ಆಫೀಸಿನ ನಕ್ಷಿದಾಗ ನನ್ನ ಹೊಲಕ್ಕೂ ನೀರು ಬಂದೈತಿ,” ಎಂದವನೇ ಎದ್ದು ನನ್ನ ಕೈಗೊಂದು ಕೊಡ ಕೊಟ್ಟ.

ಕಾಲುವೆಯ ತಿರುವಿನ ಗುಂಡಿಯಲ್ಲಿ ನಿಂತಿದ್ದ ನೀರನ್ನು ಗಿಡದ ಬುಡಕ್ಕೆ ಹೊಯ್ಯುತ್ತ ಸಂಜೆಯವರೆಗೆ ಸುತ್ತಿದೆ. ಸುತ್ತು ಸುತ್ತಿಗೂ ಶಕ್ತಿ ಸೋರಿತು. ಕಾಕಾನ ಹೆಂಡತಿ ಕಾಕು ಶೇಂಗಾ ಬೆಲ್ಲ ಕೊಟ್ಟು ಮತ್ತೆ ತುಂಬಿದಳು. ಕೆಲವು ಸಾಲು ಉಳಿದವು. ಆ ಕಾಲುವೆಯಲ್ಲಿ ತುದಿ ಮುಟ್ಟಿದ ಕಣ ಸದ್ಯಕ್ಕೆ ನಾನೊಬ್ಬನೇ. ಇಷ್ಟು ಅಗ್ಗದ ವಿನ್ಯಾಸವನ್ನು ನಮ್ಮ ಗುಂಪಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಸುರಂಗದಲ್ಲಿ ನನ್ನನ್ನೇ ಓಡಿಸಿಯಾರು.